ಅಲಿಯಂ ಗೆಡ್ಡೆಗಳಿಗೆ ಚಳಿಗಾಲ ಬೇಕು

ಎಲ್ಲರಿಗೂ ನಮಸ್ಕಾರ. ನನಗೆ ಒಪ್ಪಿಸಿರುವ ವಿಷಯ ‘ಅಲಂಕಾರಿಕ ಮತ್ತು ಅಪರೂಪದ ಅಲಿಯಂಗಳನ್ನು ಚಳಿಗಾಲದಿಂದ ಕಾಪಾಡುವ ಬಗೆ’. ಮಾತು ಆರಂಭಿಸುವ ಮೊದಲು ಈ ಶೀರ್ಷಿಕೆಯನ್ನು ಸ್ವಲ್ಪ ತಿದ್ದಲು ಅನುಮತಿ ಬೇಡುತ್ತೇನೆ. ಈ ಕುಲದ ಬಹುಪಾಲು ಗಿಡಗಳನ್ನು ಚಳಿಯಿಂದ ಕಾಪಾಡಬೇಕಾಗಿಲ್ಲ. ಅವುಗಳಿಗೆ ಚಳಿ ಸರಿಯಾಗಿ ಸಿಗುವಂತೆ ನೋಡಿಕೊಳ್ಳಬೇಕು. ತೋಟಗಳಲ್ಲಿ ಅವು ಸಾಯುವುದು ಹೆಚ್ಚಾಗಿ ಚಳಿಗಾಲದ ಕೆಸರಿನಿಂದ, ಬೇಸಿಗೆಯ ಒದ್ದೆಯಿಂದ, ಹಾಗೂ ನಾವು ಪ್ರೀತಿಯಿಂದಲೇ ಮಾಡುವ ಅತಿ ಉಪಚಾರದಿಂದ. ಸತ್ತ ಗೆಡ್ಡೆಯನ್ನು ವಸಂತದಲ್ಲಿ ಅಗೆದು ತೆಗೆದಾಗ ಕೊಳೆತ ಮುದ್ದೆ ಕೈಗೆ ಬರುತ್ತದೆ. ಆಗ ನಾವು ದೂರುವುದು ಹಿಮವನ್ನು. ಈ ಗಿಡಗಳ ಬಗ್ಗೆ ಅಕ್ಕರೆ ಇರುವ ಯಾರಿಗೇ ಆಗಲಿ, ಆ ದೂರು ಎಷ್ಟು ಅನ್ಯಾಯದ್ದು ಎಂಬುದನ್ನು ತೋರಿಸಿಕೊಡಬೇಕೆಂಬುದು ನನ್ನ ಇಂದಿನ ಉದ್ದೇಶ.

ಅಲಿಯಂ ಎಂದರೆ ಈರುಳ್ಳಿ, ಬೆಳ್ಳುಳ್ಳಿಗಳ ಕುಲ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನು ತನ್ನ ಪಟ್ಟಿಗೆ ಸೇರಿಸಿದ. ಇಂದು ಸಸ್ಯಶಾಸ್ತ್ರಜ್ಞರು ಈ ಕುಲದಲ್ಲಿ 900ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸುತ್ತಾರೆ. ಬಹುತೇಕ ಎಲ್ಲವೂ ಉತ್ತರ ಗೋಳಾರ್ಧದವು. ಮೆಡಿಟರೇನಿಯನ್ ಕರಾವಳಿಯಿಂದ ಹೊರಟು ಟರ್ಕಿ, ಇರಾನ್, ಅಫ್ಘಾನಿಸ್ತಾನಗಳನ್ನು ಹಾದು ಮಧ್ಯ ಏಷ್ಯಾದ ಪರ್ವತಗಳವರೆಗೆ ಇವು ದಟ್ಟವಾಗಿ ಹಬ್ಬಿವೆ. ಇವುಗಳ ಎರಡನೆಯ ದೊಡ್ಡ ನೆಲೆ ಉತ್ತರ ಅಮೆರಿಕದ ಪಶ್ಚಿಮ ಭಾಗ. ಅಡುಗೆಮನೆಯ ಈರುಳ್ಳಿಯನ್ನು ಮಾತ್ರ ಬಲ್ಲವರಿಗೆ ಈ ಕುಲದ ಸೌಂದರ್ಯವನ್ನು ನಂಬಿಸುವುದು ಕಷ್ಟ. ಆಳೆತ್ತರದ ದಂಟಿನ ತುದಿಯಲ್ಲಿ ನೇರಳೆ ಚೆಂಡು ಹೊತ್ತು ನಿಲ್ಲುವ ಜೈಗ್ಯಾಂಟಿಯಂ ಇದೆ. ಲೋಹದ ಹೊಳಪಿನ ನಕ್ಷತ್ರಗಳನ್ನು ಒಂದು ಗೋಳವಾಗಿ ಜೋಡಿಸಿಟ್ಟಂತಿರುವ ಕ್ರಿಸ್ಟೋಫಿ ಇದೆ. ಆಕಾಶದ ಅಪ್ಪಟ ನೀಲಿಯನ್ನು ಪುಟ್ಟ ಗುಂಡುಗಳಲ್ಲಿ ಹಿಡಿದ ಸೆರುಲಿಯಂ ಇದೆ. ಟರ್ಕಿ, ಇರಾನಿನ ಕಲ್ಲುಚೂರುಗಳ ಇಳಿಜಾರಿನಲ್ಲಿ ದಂಟೇ ಇಲ್ಲವೆಂಬಂತೆ ನೆಲಕ್ಕಂಟಿ ಅರಳುವ ಅಕಾಕಾ ಇದೆ.

ಮೊದಲು ಮಧ್ಯ ಏಷ್ಯಾಕ್ಕೆ ಹೋಗೋಣ. ದೊಡ್ಡ ಚೆಂಡಿನ ಅಲಿಯಂಗಳ ತವರು ಅದೇ. ಸೇಂಟ್ ಪೀಟರ್ಸ್‌ಬರ್ಗ್‌ನ ಸಸ್ಯೋದ್ಯಾನದಲ್ಲಿದ್ದ ಎಡ್ವರ್ಡ್ ರೇಗೆಲ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ತುರ್ಕಿಸ್ತಾನದಿಂದ ಬರುತ್ತಿದ್ದ ಗೆಡ್ಡೆಗಳನ್ನೂ ಒಣ ಮಾದರಿಗಳನ್ನೂ ಅಭ್ಯಸಿಸಿ ಈ ಗುಂಪಿನ ಹಲವು ಪ್ರಭೇದಗಳಿಗೆ ಹೆಸರು ಕೊಟ್ಟರು. ಅಲಿಯಂ ಕರಟಾವಿಯೆನ್ಸೆಯನ್ನು 1875ರಲ್ಲಿ, ಜೈಗ್ಯಾಂಟಿಯಂ ಅನ್ನು 1883ರಲ್ಲಿ ಅವರು ವರ್ಣಿಸಿದರು. ಕರಟಾವಿಯೆನ್ಸೆ ಬೆಳೆಯುವ ಕಝಾಕ್‌ಸ್ತಾನದ ಕರಾತೌ ಬೆಟ್ಟಸಾಲನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಚಳಿಗಾಲದಲ್ಲಿ ಅಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟಿ ಮೇಲೆ ಹಿಮ ಕೂರುತ್ತದೆ. ವಸಂತದಲ್ಲಿ ಹಿಮ ಕರಗಿ, ಸ್ವಲ್ಪ ಮಳೆಯೂ ಬಂದು, ಕೆಲವೇ ವಾರಗಳ ಮಟ್ಟಿಗೆ ಎಲ್ಲವೂ ಹಸಿರಾಗುತ್ತದೆ. ಜೂನ್ ದಾಟುವ ಹೊತ್ತಿಗೆ ಬೆಟ್ಟ ಒಣಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಶರತ್ಕಾಲದವರೆಗೂ ಗೆಡ್ಡೆ ಬಿಸಿಯಾದ ಒಣ ಕಲ್ಲುಮಣ್ಣಿನ ಒಳಗೆ ಮಲಗಿರುತ್ತದೆ.

ಈ ಗಿಡದ ಬಾಳೆಲ್ಲ ಆ ಪಂಚಾಂಗಕ್ಕೆ ಹೊಂದಿಕೊಂಡೇ ರೂಪುಗೊಂಡಿದೆ. ಬೇಸಿಗೆಯಲ್ಲಿ ಎಲೆ ಒಣಗಿದ ಗೆಡ್ಡೆ ನಮ್ಮ ಕಣ್ಣಿಗೆ ಸತ್ತಂತೆ ಕಾಣುತ್ತದೆ. ಆದರೆ ಮುಂದಿನ ವರ್ಷದ ಹೂವು ರೂಪುಗೊಳ್ಳುವುದು ಆ ಮೌನದ ತಿಂಗಳುಗಳಲ್ಲೇ. ಬೆಚ್ಚನೆಯ ಒಣ ಮಣ್ಣಿನಲ್ಲಿ ಗೆಡ್ಡೆಯ ನಡುವಿನ ಮೊಗ್ಗು ಎಲೆ ಮಾಡುವುದನ್ನು ನಿಲ್ಲಿಸಿ ಹೂಗೊಂಚಲನ್ನು ಕಟ್ಟತೊಡಗುತ್ತದೆ. ಶರತ್ಕಾಲದ ಮಳೆ ಬಿದ್ದು ಮಣ್ಣು ತಂಪಾದಾಗ ಬೇರುಗಳು ಹೊರಡುತ್ತವೆ. ಅನಂತರ ಬರುತ್ತದೆ ದೀರ್ಘ ಚಳಿ. ಒಳಗೆ ಸಿದ್ಧವಾಗಿ ನಿಂತಿರುವ ಹೂವು ಮೇಲೇರಿ ಬರಲು ದಂಟು ಉದ್ದವಾಗಬೇಕಲ್ಲವೆ? ಅದಕ್ಕೆ ಅಪ್ಪಣೆ ಕೊಡುವುದು ಚಳಿಯೇ. ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಸುಮಾರು ಮೂರು ತಿಂಗಳು ತಂಪು ಸಿಕ್ಕ ಗೆಡ್ಡೆಯ ದಂಟು ವಸಂತದ ಬಿಸಿಲಿಗೆ ಸರಸರನೆ ಏರುತ್ತದೆ. ಚಳಿ ಕಡಿಮೆಯಾದರೆ ದಂಟು ಕುಳ್ಳಾಗಿಯೇ ಉಳಿದು ಹೂವು ಎಲೆಗಳ ನಡುವೆಯೇ ಬಿಚ್ಚಿಕೊಳ್ಳುತ್ತದೆ, ಇಲ್ಲವೆ ಒಳಗೇ ಒಣಗಿಹೋಗುತ್ತದೆ. ‘ಎಲೆ ಚೆನ್ನಾಗಿ ಬಂತು, ಹೂವು ಮಾತ್ರ ಬರಲಿಲ್ಲ’ ಎಂದು ಹೇಳುವವರ ತೋಟಗಳಲ್ಲಿ ಇದೊಂದು ಸಾಮಾನ್ಯ ಕಾರಣ.

ಹಾಗಾದರೆ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಗೆಡ್ಡೆ ಒಡೆಯುವುದಿಲ್ಲವೆ? ನೀರು ಮಂಜುಗಡ್ಡೆಯಾಗುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆ ಜೀವಕೋಶದ ಒಳಗೆ ನಡೆದರೆ ಕೋಶ ಉಳಿಯದು. ಚಳಿಗೆ ಒಗ್ಗಿದ ಸಸ್ಯ ಅದಕ್ಕೆ ಅವಕಾಶ ಕೊಡುವುದಿಲ್ಲ. ಮಂಜುಹರಳುಗಳು ಮೊದಲು ಕೋಶಗಳ ಹೊರಗಿನ ಎಡೆಗಳಲ್ಲಿ ಮೂಡುತ್ತವೆ. ಕೋಶದೊಳಗಿನ ನೀರು ನಿಧಾನವಾಗಿ ಹೊರಕ್ಕೆ ಸರಿಯುತ್ತದೆ. ಒಳಗೆ ಉಳಿದ ರಸ ಗಟ್ಟಿಯಾಗುತ್ತಾ ಹೋಗಿ, ಹೆಪ್ಪುಗಟ್ಟುವ ಉಷ್ಣತೆ ಇನ್ನೂ ಕೆಳಗಿಳಿಯುತ್ತದೆ. ಅಲಿಯಂಗಳಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಈರುಳ್ಳಿ, ಬೆಳ್ಳುಳ್ಳಿಗಳಂಥ ಅಲಿಯಂಗಳು ಪಿಷ್ಟದ ಬದಲು ಫ್ರಕ್ಟಾನ್ ಎಂಬ, ನೀರಿನಲ್ಲಿ ಕರಗುವ ಸಕ್ಕರೆ ಸರಪಣಿಗಳನ್ನು ದಾಸ್ತಾನು ಮಾಡಿಕೊಳ್ಳುತ್ತವೆ. ಆ ಸರಪಣಿಗಳು ತುಂಡಾದಷ್ಟೂ ರಸದಲ್ಲಿ ಸಣ್ಣ ಸಕ್ಕರೆಗಳು ಹೆಚ್ಚುತ್ತವೆ. ಈ ಸಿದ್ಧತೆ ಒಂದೇ ರಾತ್ರಿಯಲ್ಲಿ ಆಗುವಂಥದ್ದಲ್ಲ. ಶರತ್ಕಾಲದುದ್ದಕ್ಕೂ ತಂಪು ಮೆಲ್ಲಮೆಲ್ಲನೆ ಏರುತ್ತಾ ಬಂದಾಗ ಗಿಡ ತನ್ನನ್ನು ಹದಗೊಳಿಸಿಕೊಳ್ಳುತ್ತದೆ. ಬೆಚ್ಚನೆಯ ಕೋಣೆಯಲ್ಲಿ ಇರಿಸಿದ ಗೆಡ್ಡೆಯನ್ನು ಡಿಸೆಂಬರ್‌ನಲ್ಲಿ ನೇರವಾಗಿ ಹೆಪ್ಪುಗಟ್ಟುವ ಮಣ್ಣಿಗೆ ಹಾಕಬಾರದು ಎನ್ನುವುದು ಇದಕ್ಕಾಗಿಯೇ.

ಗೆಡ್ಡೆಗೆ ನೆಲವೂ ನೆರವಾಗುತ್ತದೆ. ಗಾಳಿಯ ಉಷ್ಣತೆ ರಾತ್ರಿಯೊಂದರಲ್ಲೇ ಇಪ್ಪತ್ತು ಡಿಗ್ರಿ ಕುಸಿಯಬಹುದು, ಆದರೆ ಹದಿನೈದು ಸೆಂಟಿಮೀಟರ್ ಆಳದ ಮಣ್ಣಿಗೆ ಆ ಸುದ್ದಿ ತಡವಾಗಿ, ಬಲಗುಂದಿ ತಲುಪುತ್ತದೆ. ಮೇಲೆ ಹಿಮವಿದ್ದರಂತೂ ಇನ್ನೂ ಕ್ಷೇಮ. ಹೊಸದಾಗಿ ಬಿದ್ದ ಹಿಮದ ನೂರಕ್ಕೆ ತೊಂಬತ್ತರಷ್ಟು ಭಾಗ ಗಾಳಿಯೇ. ಆ ಗಾಳಿಯಿಂದಾಗಿ ದಪ್ಪ ಹಿಮದ ಕೆಳಗಿನ ನೆಲ ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಆದ್ದರಿಂದ ದಾರಿ ಬಿಡಿಸುವಾಗ ಸಲಿಕೆಯಿಂದ ತೆಗೆದ ಹಿಮವನ್ನು ಅಲಿಯಂ ಮಡಿಯ ಮೇಲೆ ಸುರಿಯಬಹುದು, ಉಪ್ಪು ಬೆರೆಸಿದ ರಸ್ತೆಯ ಹಿಮವನ್ನು ಮಾತ್ರ ಬೇಡ. ನಿಜವಾಗಿ ಭಯಪಡಬೇಕಾದದ್ದು ಹಿಮವೇ ಇಲ್ಲದ ಕಡುಚಳಿಗೆ, ಮತ್ತು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ವಾರಗಳಿಗೆ. ಈ ಏರಿಳಿತ ಮಣ್ಣನ್ನು ಎತ್ತಿ ಇಳಿಸುತ್ತಾ ಚಿಕ್ಕ ಗೆಡ್ಡೆಗಳನ್ನೂ ಸಸಿಗಳನ್ನೂ ಮೇಲಕ್ಕೆ ತಳ್ಳಿ, ಬೇರುಗಳನ್ನು ಹರಿದು ಹಾಕುತ್ತದೆ.

ಈಗ ನೀರಿನ ಮಾತು. ನನ್ನ ಪ್ರಕಾರ ಈ ಉಪನ್ಯಾಸದಲ್ಲಿ ಅತಿ ಮುಖ್ಯವಾದದ್ದು ಇದೇ. ಬೇರಿಗೂ ಉಸಿರಾಟವಿದೆ, ಅದಕ್ಕೆ ಆಮ್ಲಜನಕ ಬೇಕು. ನೀರಿನಲ್ಲಿ ಆಮ್ಲಜನಕ ಚಲಿಸುವ ವೇಗ ಗಾಳಿಯಲ್ಲಿ ಚಲಿಸುವ ವೇಗದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಮಣ್ಣಿನ ಎಡೆಗಳೆಲ್ಲ ನೀರು ತುಂಬಿ ನಿಂತರೆ ಗೆಡ್ಡೆಯ ತಳ ಉಸಿರುಗಟ್ಟುತ್ತದೆ. ತಳದ ಬಿಲ್ಲೆಯಂಥ ಭಾಗದಿಂದಲೇ ಬೇರುಗಳು ಹೊರಡುವುದು. ಅದು ಕೆಟ್ಟರೆ ಮೇಲಿನ ಪದರಗಳು ಎಷ್ಟೇ ಗಟ್ಟಿಯಾಗಿದ್ದರೂ ಗೆಡ್ಡೆ ಮುಗಿದಂತೆ. ಹೆಪ್ಪುಗಟ್ಟಿದ ಕರಾತೌ ಇಳಿಜಾರಿನಲ್ಲಿ ಚಳಿಗಾಲದ ನೀರು ಘನರೂಪದಲ್ಲಿ ಮೇಲೆಯೇ ಕುಳಿತಿರುತ್ತದೆ. ಕರಗಿದಾಗ ಕಲ್ಲುಗಳ ನಡುವೆ ಇಳಿದು ಹೋಗುತ್ತದೆ. ಸೊನ್ನೆಯ ಮೇಲೆ ನಾಲ್ಕೈದು ಡಿಗ್ರಿ, ವಾರಗಟ್ಟಲೆ ಜಿನುಗುಮಳೆ, ಜೇಡಿಮಣ್ಣು: ಇಂಥ ಸೌಮ್ಯ ಚಳಿಗಾಲ ಕರಟಾವಿಯೆನ್ಸೆಗೆ ಮೈನಸ್ ಇಪ್ಪತ್ತೈದಕ್ಕಿಂತ ಕ್ರೂರವಾದದ್ದು.

ಬೇಸಿಗೆಯ ಒದ್ದೆಯೂ ಅಷ್ಟೇ ಅಪಾಯಕಾರಿ, ಆದರೆ ಬೇರೆ ಕಾರಣಕ್ಕೆ. ಗೆಡ್ಡೆಯ ಬುಡ ಕೊಳೆಸುವ ಫ್ಯೂಸೇರಿಯಂ ಶಿಲೀಂಧ್ರಕ್ಕೆ ಬೆಚ್ಚನೆಯ ಮಣ್ಣು ಇಷ್ಟ. ಮಲಗಿರುವ ಗೆಡ್ಡೆಗೆ ಆ ಸಮಯದಲ್ಲಿ ನೀರು ಬೇಕಿಲ್ಲ. ನಾವು ಸುತ್ತಲಿನ ಗಿಡಗಳಿಗೆಂದು ಹಾಯಿಸಿದ ನೀರು ರೋಗಕ್ಕೆ ಆಹ್ವಾನವಾಗುತ್ತದೆ. ಆಗ ಒಳಗೆ ಗಾಯವಾದ ಗೆಡ್ಡೆ ಚಳಿಗಾಲದಲ್ಲಿ ಸಾಯುತ್ತದೆ, ಅಪವಾದ ಮತ್ತೆ ಚಳಿಯ ತಲೆಗೆ ಬರುತ್ತದೆ.

ಆದ್ದರಿಂದ ನೆಡುವ ಜಾಗದ ಆಯ್ಕೆಗೆ ಕೊಡುವಷ್ಟು ಗಮನವನ್ನು ಇನ್ನಾವುದಕ್ಕೂ ಕೊಡಬೇಡಿ. ಇಳಿಜಾರು ಅಥವಾ ಏರುಮಡಿ, ದಿನದ ಬಹುಪಾಲು ಬಿಸಿಲು, ನೀರು ಬಸಿಯುವ ಮಣ್ಣು ಬೇಕು. ಜೇಡಿಮಣ್ಣಾದರೆ ಹೊರಗಿನ ಮಣ್ಣಿನ ಮಟ್ಟಕ್ಕಿಂತ ಒಂದು ಗೇಣಾದರೂ ಎತ್ತರಿಸಿ, ಮೇಲಿನ ಪದರಕ್ಕೆ ಒರಟು ಮರಳು ಮತ್ತು ಸಣ್ಣ ಜಲ್ಲಿಯನ್ನು ಧಾರಾಳವಾಗಿ ಬೆರೆಸಿ. ಒಂದು ಹಿಡಿ ಮರಳನ್ನು ಗುಂಡಿಯ ತಳಕ್ಕೆ ಹಾಕಿದರೆ ಸಾಕು ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಜೇಡಿಯಲ್ಲಿ ತೋಡಿದ ಗುಂಡಿಗೆ ಮರಳು ತುಂಬಿದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಬದಲಾಯಿಸಬೇಕಾದದ್ದು ಇಡೀ ಮಡಿಯನ್ನು. ಹಸಿ ಗೊಬ್ಬರ ಬೇಡವೇ ಬೇಡ. ಸಾರಜನಕ ಹೆಚ್ಚಾದರೆ ಎಲೆ ಮೆತ್ತಗೆ ಬೆಳೆದು ರೋಗಕ್ಕೂ ಹಿಮಕ್ಕೂ ಸುಲಭವಾಗಿ ತುತ್ತಾಗುತ್ತದೆ.

ನೆಡುವುದು ಶರತ್ಕಾಲದಲ್ಲಿ, ನೆಲ ಗಟ್ಟಿಯಾಗಿ ಹೆಪ್ಪುಗಟ್ಟಲು ಐದಾರು ವಾರ ಇರುವಾಗ. ಆ ವಾರಗಳಲ್ಲಿ ತಂಪಾದ ಮಣ್ಣಿನಲ್ಲಿ ಬೇರು ಇಳಿಯುತ್ತದೆ. ಆಳ ಗೆಡ್ಡೆಯ ಎತ್ತರದ ಸುಮಾರು ಮೂರರಷ್ಟು ಇರಲಿ. ಜೈಗ್ಯಾಂಟಿಯಂನಂಥ ದೊಡ್ಡ ಗೆಡ್ಡೆಗೆ ಹದಿನೈದರಿಂದ ಇಪ್ಪತ್ತು ಸೆಂಟಿಮೀಟರ್, ಓರಿಯೋಫಿಲಂನಂಥ ಪುಟ್ಟದ್ದಕ್ಕೆ ಏಳೆಂಟು ಸಾಕು. ಹೊದಿಕೆಯ ವಿಷಯದಲ್ಲಿ ಬಹಳ ಜನ ಆತುರಪಡುತ್ತಾರೆ. ನೆಲ ಇನ್ನೂ ಬೆಚ್ಚಗಿರುವಾಗಲೇ ದಪ್ಪ ಎಲೆಗೊಬ್ಬರ ಹಾಸಿದರೆ ಒಳಗೆ ಒದ್ದೆ ನಿಲ್ಲುತ್ತದೆ, ಇಲಿಗಳು ಮನೆ ಮಾಡುತ್ತವೆ, ಗೆಡ್ಡೆಯೂ ಅಕಾಲದಲ್ಲಿ ಚಿಗುರುತ್ತದೆ. ನೆಲ ಹೆಪ್ಪುಗಟ್ಟಿದ ಮೇಲೆ ಸೂಚಿಪರ್ಣ ಮರಗಳ ರೆಂಬೆಗಳನ್ನು ತೆಳುವಾಗಿ ಹಾಸುವುದು ಉತ್ತಮ. ಅದರ ಉದ್ದೇಶ ನೆಲವನ್ನು ಬೆಚ್ಚಗಿಡುವುದಲ್ಲ, ಹೆಪ್ಪುಗಟ್ಟಿದ ನೆಲ ಮತ್ತೆ ಮತ್ತೆ ಕರಗದಂತೆ ತಡೆಯುವುದು. ಗಿಡದ ಕತ್ತಿನ ಸುತ್ತ ಎರಡು ಮೂರು ಸೆಂಟಿಮೀಟರ್ ಜಲ್ಲಿ ಮಾತ್ರ ವರ್ಷವಿಡೀ ಇರಲಿ.

ವಸಂತದ ಆರಂಭದಲ್ಲಿ ಇನ್ನೊಂದು ಆತಂಕ ಕಾದಿರುತ್ತದೆ. ಈ ಗಿಡಗಳ ಎಲೆ ಬೇಗ ಹೊರಬರುತ್ತದೆ. ಒಮ್ಮೊಮ್ಮೆ ಹಿಮವನ್ನು ಸೀಳಿಕೊಂಡೇ ಬರುತ್ತದೆ. ಅನಂತರ ಒಂದು ಕಡುಚಳಿಯ ರಾತ್ರಿ ಬಂದರೆ ಬೆಳಿಗ್ಗೆ ಆ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪುಹಸಿರಾಗಿ ನೆಲಕ್ಕೆ ಒರಗಿರುತ್ತವೆ. ಆ ದೃಶ್ಯ ಕಂಡು ಎದೆಗುಂದಬೇಡಿ, ಮುಖ್ಯವಾಗಿ ಮುಟ್ಟಬೇಡಿ. ಕೋಶಗಳ ಹೊರಗೆ ಸರಿದ ನೀರು ಬಿಸಿಲೇರಿದಂತೆ ಒಳಗೆ ಮರಳುತ್ತದೆ; ಮಧ್ಯಾಹ್ನದೊಳಗೆ ಎಲೆ ಎದ್ದು ನಿಂತಿರುತ್ತದೆ. ಹೆಪ್ಪುಗಟ್ಟಿದ ಎಲೆಯನ್ನು ಹಿಡಿದು ಎತ್ತಿದರೆ ಮಾತ್ರ ಅದು ಮುರಿಯುತ್ತದೆ. ಶುಬರ್ಟಿಯಂಥ, ಮೆಡಿಟರೇನಿಯನ್ ಪೂರ್ವ ತೀರದ ಕಡೆಯ ಪ್ರಭೇದಗಳಿಗೆ ಇಂಥ ರಾತ್ರಿಗಳಲ್ಲಿ ಬುಟ್ಟಿಯನ್ನೋ ತೆಳು ಬಟ್ಟೆಯನ್ನೋ ಮುಚ್ಚುವುದು ಒಳ್ಳೆಯದು, ಬೆಳಿಗ್ಗೆ ತೆಗೆದುಬಿಡಬೇಕು.

ಹೂವು ಅರಳುವ ಹೊತ್ತಿಗೆ ಈ ದೊಡ್ಡ ಚೆಂಡಿನ ಗುಂಪಿನ ಎಲೆಗಳು ತುದಿಯಿಂದ ಹಳದಿಯಾಗಿ ಒಣಗತೊಡಗುತ್ತವೆ. ಅದು ರೋಗವಲ್ಲ, ಗಿಡದ ಸ್ವಭಾವ. ನೋಟಕ್ಕೆ ಚೆನ್ನಾಗಿಲ್ಲವೆಂದು ಕತ್ತರಿಸಬೇಡಿ. ಗೆಡ್ಡೆ ಮುಂದಿನ ಚಳಿಗಾಲಕ್ಕೆ ಕೂಡಿಡುವ ಸಕ್ಕರೆಯೆಲ್ಲ ಆ ಎಲೆಗಳಿಂದಲೇ ಬರಬೇಕು.

ಇಲ್ಲಿಯವರೆಗೆ ಹೇಳಿದ್ದು ಮಧ್ಯ ಏಷ್ಯಾದ ಪಂಚಾಂಗ. ಎಲ್ಲ ಅಲಿಯಂಗಳೂ ಇದನ್ನೇ ಅನುಸರಿಸುತ್ತವೆ ಎಂದುಕೊಂಡರೆ ಅಪರೂಪದ ಎಷ್ಟೋ ಪ್ರಭೇದಗಳು ಕೈತಪ್ಪುತ್ತವೆ. ನೆಲದಡಿ ಅಡ್ಡವಾಗಿ ಹರಡುವ ಬೇರುಗೆಡ್ಡೆಯ ಮೇಲೆ ಗುಂಪಾಗಿ ಬೆಳೆಯುವ ಸೆನೆಸೆನ್ಸ್, ನ್ಯುಟಾನ್ಸ್, ಶೂನೊಪ್ರಾಸಂಗಳನ್ನು ನೋಡಿ. ಇವುಗಳ ಗೆಡ್ಡೆ ಹೆಸರಿಗಷ್ಟೇ. ಬೇಸಿಗೆಯಲ್ಲಿ ಇವು ಮಲಗುವುದಿಲ್ಲ, ನೀರನ್ನೂ ಬಯಸುತ್ತವೆ. ಚಳಿಗಾಲದಲ್ಲಿ ಎಲೆಯೆಲ್ಲ ಸತ್ತು, ಮೊಗ್ಗು ನೆಲದ ಮಟ್ಟದಲ್ಲೇ ಕಾಯುತ್ತದೆ. ಶೂನೊಪ್ರಾಸಂ ಯುರೋಪ್, ಏಷ್ಯಾ, ಉತ್ತರ ಅಮೆರಿಕ ಮೂರರಲ್ಲೂ ಸಹಜವಾಗಿ ಬೆಳೆದು ಉತ್ತರದ ಕಡುಶೀತ ನಾಡುಗಳವರೆಗೂ ಹೋಗಿದೆ ಎಂದರೆ ಅದರ ಗಟ್ಟಿತನ ಊಹಿಸಿಕೊಳ್ಳಿ. ಹೊಸಬರು ಆರಂಭಿಸಬೇಕಾದದ್ದು ಈ ಗುಂಪಿನಿಂದಲೇ ಎಂಬುದು ನನ್ನ ಬಲವಾದ ಅಭಿಪ್ರಾಯ. ಇದೇ ಗುಂಪಿನಿಂದ ಬಂದ ‘ಮಿಲೇನಿಯಂ’ ಎಂಬ ತಳಿ ಅಮೆರಿಕದ ಬಹುವಾರ್ಷಿಕ ಸಸ್ಯ ಸಂಘದಿಂದ 2018ರ ‘ವರ್ಷದ ಗಿಡ’ ಎಂಬ ಗೌರವ ಪಡೆಯಿತು. ನಡುಬೇಸಿಗೆಯಲ್ಲಿ, ಬೇರೆ ಅಲಿಯಂಗಳು ಮುಗಿದ ಮೇಲೆ ಅರಳುವ ಅದು ಚಳಿಗೂ ಬಿಸಿಲಿಗೂ ಜಗ್ಗದು.

ಹಿಮಾಲಯ ಮತ್ತು ಚೀನಾದ ಎತ್ತರದ ಪ್ರಭೇದಗಳು ಮೂರನೆಯ ಬಗೆ. ವಾಲಿಚಿ, ಸಿಕ್ಕಿಮೆನ್ಸೆ, ಬೀಸಿಯಾನಂ, ಸಯಾನಿಯಂ ಇವೆಲ್ಲ ಮುಂಗಾರಿನ ನೀರು ಕುಡಿದು ಬೆಳೆಯುವಂಥವು. ಚಳಿಗಾಲ ಅವುಗಳಿಗೆ ಒಣಗಾಲ, ಜೊತೆಗೆ ಹಿಮದ ರಕ್ಷಣೆ. ಜೈಗ್ಯಾಂಟಿಯಂಗೆ ಕೊಡುವ ಒಣ ಬೇಸಿಗೆಯನ್ನು ಇವುಗಳಿಗೆ ಕೊಟ್ಟರೆ ಸೊರಗಿ ಸಾಯುತ್ತವೆ. ಸಿಕ್ಕಿಮೆನ್ಸೆಯ ಬಾಗಿದ ನೀಲಿ ಗಂಟೆಗಳನ್ನು ಒಮ್ಮೆ ನೋಡಿದವರು ಆ ಶ್ರಮಕ್ಕೆ ಹಿಂಜರಿಯುವುದಿಲ್ಲ. ತಂಪಾದ, ಬೇಸಿಗೆಯಲ್ಲಿ ತೇವವಿರುವ, ಚಳಿಗಾಲದಲ್ಲಿ ನೀರು ನಿಲ್ಲದ ಜಾಗ: ಈ ಮೂರೂ ಒಟ್ಟಿಗೆ ಸಿಗುವುದು ಕಷ್ಟ, ಸಿಕ್ಕರೆ ಅವು ದೀರ್ಘಕಾಲ ಬಾಳುತ್ತವೆ.

ಮೆಡಿಟರೇನಿಯನ್ ತೀರದ ನಿಯಾಪಾಲಿಟಾನಂ, ರೋಸಿಯಂ ಮುಂತಾದವು ಶರತ್ಕಾಲದಲ್ಲೇ ಚಿಗುರಿ ಚಳಿಗಾಲವಿಡೀ ಹಸಿರಾಗಿರುತ್ತವೆ. ಚಳಿಯ ವಿರುದ್ಧ ನಿಜವಾದ ರಕ್ಷಣೆ ಬೇಕಾದದ್ದು ಇವುಗಳಿಗೆ, ಏಕೆಂದರೆ ಎಲೆ ಹೋದರೆ ವರ್ಷದ ದುಡಿಮೆಯೇ ಹೋಯಿತು. ಕ್ಯಾಲಿಫೋರ್ನಿಯ ಕಡೆಯ ಹಲವು ಪ್ರಭೇದಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಆದರೆ ಉತ್ತರ ಕ್ಯಾಲಿಫೋರ್ನಿಯ, ದಕ್ಷಿಣ ಆರೆಗಾನ್‌ಗಳ ಸರ್ಪೆಂಟೈನ್ ಎಂಬ ಹಸಿರು ಶಿಲೆಯ ಕಲ್ಲುಮಣ್ಣಿನ ಫಾಲ್ಸಿಫೋಲಿಯಂ, ಕುಡುಗೋಲಿನಾಕಾರದ ಎರಡೇ ಎಲೆಗಳ ಆ ಕುಳ್ಳ ಗಿಡ, ಹೆಚ್ಚು ಗಟ್ಟಿ.

ಶರತ್ಕಾಲದಲ್ಲಿ ಹೂ ಬಿಡುವವನ್ನು ಬೇರೆಯಾಗಿಯೇ ಹೇಳಬೇಕು. ಜಪಾನ್, ಕೊರಿಯಾ ಕಡೆಯ ಥನ್‌ಬರ್ಗಿ ಅಕ್ಟೋಬರ್, ನವೆಂಬರ್‌ಗಳಲ್ಲಿ, ತೋಟವೆಲ್ಲ ಮುಗಿದ ಹೊತ್ತಿಗೆ ಅರಳುತ್ತದೆ. ಲಘು ಹಿಮ ಬಿದ್ದರೂ ಅದರ ಕೆಂನೇರಳೆ ಹೂಗಳು ಕೆಡುವುದಿಲ್ಲ. ತೊಂದರೆ ಬೀಜದ್ದು: ಅದು ಬಲಿಯುವ ಮೊದಲೇ ಕಡುಚಳಿ ಬಂದುಬಿಡುತ್ತದೆ. ಬೀಜ ಬೇಕೆಂದರೆ ಒಂದು ಗಿಡವನ್ನು ಕುಂಡದಲ್ಲಿ ಬೆಳೆಸಿ ಗಾಜಿನ ಮನೆಯೊಳಗೆ ತರಬೇಕು. ಗ್ರೀಸ್ ಮತ್ತು ಕ್ರೀಟ್‌ನ ಕ್ಯಾಲಿಮಿಸ್ಕಾನ್‌ನ ರೀತಿ ಇನ್ನೂ ವಿಚಿತ್ರ. ಅದರ ದಂಟು ಬೇಸಿಗೆಯ ಆರಂಭದಲ್ಲೇ ಬಂದು, ಒಣಗಿದ ಹುಲ್ಲಿನಂತೆ ತಿಂಗಳುಗಟ್ಟಲೆ ನಿಂತಿರುತ್ತದೆ. ತೋಟ ಶುಚಿ ಮಾಡುವವರು ಅದನ್ನು ಕಿತ್ತೆಸೆಯುತ್ತಾರೆ. ಶರತ್ಕಾಲ ಬಂದಾಗ ಅದೇ ಒಣ ಪೊರೆಯಿಂದ ಬಿಳಿ ಹೂಗಳು ಹೊರಬರುತ್ತವೆ. ಈ ಗಿಡಕ್ಕೆ ದೊಡ್ಡ ಹೆಸರುಪಟ್ಟಿ ಹಾಕಿ, ಅದರಲ್ಲಿ ‘ಕೀಳಬೇಡಿ’ ಎಂದೂ ಬರೆಯಿರಿ.

ಕುಂಡದಲ್ಲಿ ಬೆಳೆಸುವವರಿಗೆ ಒಂದು ಎಚ್ಚರಿಕೆ. ನೆಲದಲ್ಲಿ ಮೈನಸ್ ಇಪ್ಪತ್ತೈದನ್ನು ತಡೆಯುವ ಗೆಡ್ಡೆ ಕುಂಡದಲ್ಲಿ ಮೈನಸ್ ಹತ್ತಕ್ಕೇ ಸಾಯಬಹುದು. ಕುಂಡದ ನಾಲ್ಕೂ ಕಡೆಯಿಂದ ಚಳಿ ನುಗ್ಗುತ್ತದೆ. ಬೇರುಗಳು ಗೆಡ್ಡೆಗಿಂತ ಮೃದು, ಮಣ್ಣಿನ ಕುಂಡವೂ ಒಡೆಯುತ್ತದೆ. ಮರಳು ತುಂಬಿದ ತೊಟ್ಟಿಯಲ್ಲಿ ಕುಂಡಗಳನ್ನು ಅಂಚಿನವರೆಗೆ ಹೂತು, ಮೇಲೆ ಗಾಜಿನ ಮುಚ್ಚಳ ಇಟ್ಟು, ಪಕ್ಕಗಳನ್ನು ಗಾಳಿಗೆ ತೆರೆದಿಡುವುದು ಬಂಡೆತೋಟದ ಗಿಡ ಬೆಳೆಸುವವರ ಹಳೆಯ ಪದ್ಧತಿ. ಗಾಜು ಇಲ್ಲಿ ತಡೆಯುತ್ತಿರುವುದು ಮಳೆಯನ್ನು, ಚಳಿಯನ್ನಲ್ಲ. ಅಕಾಕಾದಂಥ ಅಪರೂಪದವನ್ನು ಮಳೆ ಹೆಚ್ಚಿರುವ ಕಡೆ ಬೇರೆ ರೀತಿಯಲ್ಲಿ ಉಳಿಸುವುದು ಬಹಳ ಕಷ್ಟ. ಗೆಡ್ಡೆ ಮಲಗಿದ ಮೇಲೆ ಅದೇ ಮುಚ್ಚಳದ ಕೆಳಗೆ ಬೇಸಿಗೆಯ ಒಣ ವಿಶ್ರಾಂತಿಯೂ ಸಿಗುತ್ತದೆ.

ಅಪರೂಪದ ಗಿಡ ಎಂಬ ಮಾತು ಬಂದಾಗ ಮನಸ್ಸಿಗೆ ನೋವಾಗುವ ಒಂದು ಸಂಗತಿಯನ್ನೂ ಹೇಳಬೇಕು. ಟರ್ಕಿಯ ಮುಂಝುರ್ ಪರ್ವತಗಳ ಸುತ್ತ ಮಾತ್ರ ಬೆಳೆಯುವ ತುಂಜೆಲಿಯಾನಂ ಅನ್ನು ಬೆಳ್ಳುಳ್ಳಿಯಾಗಿ ಬಳಸಲು ಕಾಡಿನಿಂದ ವಿಪರೀತ ಅಗೆದದ್ದರಿಂದ ಅದು ಅಪಾಯಕ್ಕೆ ಸಿಲುಕಿದೆ. ಮಧ್ಯ ಏಷ್ಯಾದ ಟಿಯನ್‌ಶಾನ್ ಪರ್ವತಗಳ ಕಡೆಯ ಪ್ಸ್ಕೆಮೆನ್ಸೆ, ನಮ್ಮ ಈರುಳ್ಳಿಯ ಹತ್ತಿರದ ಕಾಡುಬಂಧು, ಇಂಥದೇ ಸ್ಥಿತಿಯಲ್ಲಿದೆ. ಕ್ಯಾಲಿಫೋರ್ನಿಯದ ರಿವರ್‌ಸೈಡ್ ಕೌಂಟಿಯ ಜೇಡಿಮಣ್ಣಿನಲ್ಲಷ್ಟೇ ಬೆಳೆಯುವ ಮುಂಝಿಯೈಯನ್ನು 1998ರಲ್ಲಿ ಅಮೆರಿಕ ಸರ್ಕಾರ ಅಳಿವಿನಂಚಿನ ಸಸ್ಯವೆಂದು ಘೋಷಿಸಿತು. ಕಾಡಿನಿಂದ ಅಗೆದ ಗೆಡ್ಡೆಯನ್ನು ಕೊಂಡವರು ಆ ನಾಶದಲ್ಲಿ ಪಾಲುದಾರರು. ಅಂಥ ಗೆಡ್ಡೆ ನಮ್ಮ ತೋಟದಲ್ಲಿ ಉಳಿಯುವುದೂ ಅಪರೂಪ, ಏಕೆಂದರೆ ಅದರ ಬೇರು ಹರಿದಿರುತ್ತದೆ, ವಿಶ್ರಾಂತಿಯ ಕ್ರಮ ತಪ್ಪಿರುತ್ತದೆ. ಮಾರಾಟಗಾರರನ್ನು ಕೇಳಿ: ಇದನ್ನು ಎಲ್ಲಿ, ಯಾವುದರಿಂದ ಬೆಳೆಸಿದಿರಿ? ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಬೀಜದ ದಾರಿ ನಿಧಾನವಾದರೂ ಶುದ್ಧವಾದದ್ದು. ಬ್ರಿಟನ್ನಿನ ಆಲ್ಪೈನ್ ಗಾರ್ಡನ್ ಸೊಸೈಟಿ, ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್, ಉತ್ತರ ಅಮೆರಿಕದ ರಾಕ್ ಗಾರ್ಡನ್ ಸೊಸೈಟಿ ತಮ್ಮ ಸದಸ್ಯರ ನಡುವೆ ಬೀಜ ವಿನಿಮಯ ನಡೆಸುತ್ತವೆ. ಅಪರೂಪದ ಅಲಿಯಂಗಳು ತೋಟದಿಂದ ತೋಟಕ್ಕೆ ಹರಡಿರುವ ದಾರಿಗಳಲ್ಲಿ ಇದೂ ಒಂದು. ಹೆಸರುಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಅಫ್ಲಾಟುನೆನ್ಸೆ ಎಂದು ಮಾರುಕಟ್ಟೆಯಲ್ಲಿ ದಶಕಗಳ ಕಾಲ ಮಾರಿದ್ದು ಬಹುಪಾಲು ಬೇರೆಯೇ ಗಿಡ. ಅದಕ್ಕೆ ಹಾಲಂಡಿಕಂ ಎಂಬ ಸ್ವಂತ ಹೆಸರು ಬಂದದ್ದು 1993ರಲ್ಲಿ. ಅಕ್ಕಪಕ್ಕ ಬೆಳೆದ ಹತ್ತಿರದ ಪ್ರಭೇದಗಳು ಬೆರಕೆಯಾಗುವುದೂ ಉಂಟು. ಕ್ರಿಸ್ಟೋಫಿ ಮತ್ತು ಮ್ಯಾಕ್ಲೀನಿಗಳ ಬೆರಕೆಯಾದ ‘ಗ್ಲೋಬ್‌ಮಾಸ್ಟರ್’ ಬೀಜ ಕಟ್ಟುವುದಿಲ್ಲ, ಆದ್ದರಿಂದಲೇ ಅದರ ಹೂವು ಬಹಳ ದಿನ ಬಾಳುತ್ತದೆ.

ಬೇರುಗೆಡ್ಡೆಯ ಗುಂಪಿನ ಬೀಜಗಳು ಬೆಚ್ಚನೆಯ ಜಾಗದಲ್ಲಿ ಎರಡು ಮೂರು ವಾರಕ್ಕೆ ಮೊಳೆಯುತ್ತವೆ. ಮಧ್ಯ ಏಷ್ಯಾದ ದೊಡ್ಡ ಚೆಂಡಿನವು ಹಾಗಲ್ಲ. ಅವು ಮೊಳೆಯುವುದೇ ಚಳಿಯಲ್ಲಿ, ಸೊನ್ನೆಗಿಂತ ಕೆಲವೇ ಡಿಗ್ರಿ ಮೇಲೆ. ಹಿಮ ಕರಗುವ ಹೊತ್ತಿಗೆ ಬೇರು ಇಳಿದಿರಬೇಕು, ಏಕೆಂದರೆ ಆ ಬೆಟ್ಟಗಳ ಹಸಿರುಗಾಲ ಚಿಕ್ಕದು. ಬೀಜ ಹೊಸದಾಗಿರುವಾಗಲೇ, ಶರತ್ಕಾಲದಲ್ಲಿ, ಆಳದ ಕುಂಡದಲ್ಲಿ ಬಿತ್ತಿ, ಮೇಲೆ ಸಣ್ಣ ಜಲ್ಲಿ ಹರಡಿ ಹೊರಗಿಡಿ. ಇಲಿ, ಹಕ್ಕಿಗಳಿಂದ ಕಾಪಾಡಲು ತಂತಿಬಲೆ ಸಾಕು. ಫ್ರಿಜ್ ಬಳಸುವವರು ಒದ್ದೆ ಮಾಡಿ ಹಿಂಡಿದ ವರ್ಮಿಕ್ಯುಲೈಟ್‌ನಲ್ಲಿ (ತೇವ ಹಿಡಿದಿಡುವ ಹಗುರ ಖನಿಜದ ಚೂರುಗಳಲ್ಲಿ) ಬೀಜ ಬೆರೆಸಿ, ಚೀಲದಲ್ಲಿ ಕಟ್ಟಿ, ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ಇಡಬಹುದು. ಎರಡು ತಿಂಗಳ ನಂತರ ವಾರಕ್ಕೊಮ್ಮೆ ನೋಡುತ್ತಿರಿ. ಬಿಳಿಯ ಮೊಳಕೆ ಕಂಡ ಕೂಡಲೇ ಕುಂಡಕ್ಕೆ ವರ್ಗಾಯಿಸಿ ತಂಪಿನಲ್ಲೇ ಬೆಳೆಸಿ. ಮೊದಲ ವರ್ಷ ನೂಲಿನಂಥ ಒಂದೇ ಎಲೆ, ಅದೂ ಕೆಲವು ತಿಂಗಳಲ್ಲಿ ಮಾಯ. ಕರಟಾವಿಯೆನ್ಸೆ ಹೂ ಬಿಡಲು ಮೂರರಿಂದ ಐದು ವರ್ಷ, ದೊಡ್ಡವಕ್ಕೆ ಇನ್ನೂ ಹೆಚ್ಚು. ಪ್ರತಿ ವರ್ಷ ಗೆಡ್ಡೆ ಸ್ವಲ್ಪ ಸ್ವಲ್ಪ ಆಳಕ್ಕೆ ಇಳಿಯುವುದರಿಂದ ಮೊದಲೆರಡು ವರ್ಷ ಕುಂಡ ಬದಲಾಯಿಸದಿರುವುದೇ ಲೇಸು.

ಸಭೆಯಿಂದ ಬಂದ ಎರಡು ಚೀಟಿಗಳಿಗೆ ಉತ್ತರಿಸುತ್ತೇನೆ. ಮೊದಲನೆಯದು: ಚಳಿಗಾಲ ಸಾಕಷ್ಟು ತಂಪಾಗದ ಕಡೆ ದೊಡ್ಡ ಚೆಂಡಿನ ಅಲಿಯಂ ಬೆಳೆಯಬಹುದೆ? ಒಂದು ಹೂವಿಗಾಗಿಯಾದರೆ ಬೆಳೆಯಬಹುದು. ಗೆಡ್ಡೆಯನ್ನು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್‌ನ ತರಕಾರಿ ಭಾಗದಲ್ಲಿ ಸುಮಾರು ಮೂರು ತಿಂಗಳು ಇಡಿ. ಆ ಫ್ರಿಜ್‌ನಲ್ಲಿ ಹಣ್ಣುಗಳು ಇರಬಾರದು; ಮಾಗುವ ಹಣ್ಣು ಹೊರಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ. ಅನಂತರ ವರ್ಷದ ಅತಿ ತಂಪಾದ ವಾರಗಳಲ್ಲಿ ನೆಡಿ. ಮುಂದಿನ ವರ್ಷಕ್ಕೂ ಅದೇ ಗೆಡ್ಡೆ ಉಳಿಯುತ್ತದೆ ಎಂದು ಭರವಸೆ ಕೊಡಲಾರೆ. ಬೆಚ್ಚನೆಯ ವಸಂತದಲ್ಲಿ ಎಲೆ ಬೇಗ ಒಣಗಿ ಗೆಡ್ಡೆ ಸಣ್ಣದಾಗುತ್ತಾ ಹೋಗುತ್ತದೆ. ಅಂಥ ಕಡೆ ಬೇರುಗೆಡ್ಡೆಯ ಪ್ರಭೇದಗಳೂ ಮೆಡಿಟರೇನಿಯನ್ ತೀರದವೂ ಹೆಚ್ಚು ಸಂತೋಷ ಕೊಡುತ್ತವೆ.

ಎರಡನೆಯ ಚೀಟಿ: ಶರತ್ಕಾಲದಲ್ಲಿ ಬಿತ್ತಿದ ಬೀಜ ವಸಂತ ಕಳೆದರೂ ಮೊಳೆಯಲಿಲ್ಲ, ಕುಂಡವನ್ನು ಏನು ಮಾಡಲಿ? ಎಸೆಯಬೇಡಿ. ತಡವಾಗಿ ಕೈಗೆ ಬಂದ, ಒಣಗಿ ಹಳತಾದ ಬೀಜ ಎರಡನೆಯ ಚಳಿಗಾಲ ಕಂಡ ಮೇಲೆ ಮೊಳೆಯುವುದು ಎಷ್ಟೋ ಸಲ ಆಗುತ್ತದೆ. ಬೇಸಿಗೆಯಲ್ಲಿ ಕುಂಡವನ್ನು ನೆರಳಿನಲ್ಲಿ, ಪೂರ್ತಿ ಒಣಗಿ ಬಿರುಕು ಬಿಡದಷ್ಟು ಮಾತ್ರ ತೇವದಲ್ಲಿ ಇಡಿ. ಹೆಸರುಪಟ್ಟಿಯ ಮೇಲೆ ಬಿತ್ತಿದ ವರ್ಷವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ಬಿಸಿಲಿಗೆ ಮಾಸುತ್ತದೆ. ಸೆಪ್ಟೆಂಬರ್ ಬಂದಾಗ ಮತ್ತೆ ಚೆನ್ನಾಗಿ ನೀರು ಕೊಟ್ಟು, ಹಿಮ ಬೀಳುವ ಬಯಲು ಜಾಗದಲ್ಲಿ ಹೊರಗಿಡಿ.